ದನಗಳ ಕೃತಕ ಗರ್ಭಧಾರಣೆ: ಅದರ ಚರಿತ್ರೆಯೂ ಗ್ರಾಮಗಳಲ್ಲಿ ಆಗಬೇಕಾದ ಕೆಲಸವೂ

ಮನುಷ್ಯನ ಚರಿತ್ರೆಯನ್ನು ಬದಲಾಯಿಸಿದ ಆವಿಷ್ಕಾರಗಳನ್ನು ಎಣಿಸುವಾಗ ಮುದ್ರಣಯಂತ್ರ, ಉಗಿಯಂತ್ರ, ವಿದ್ಯುಚ್ಛಕ್ತಿ, ದೇವಿ ಹಾಕುವ ಕ್ರಮ ಇವುಗಳ ಹೆಸರುಗಳು ಎಲ್ಲರ ಬಾಯಲ್ಲಿಯೂ ಬರುವುವು. ದನದ ಕೊಟ್ಟಿಗೆಯನ್ನು ಸದ್ದಿಲ್ಲದೆ ಪ್ರವೇಶಿಸಿದ ಒಂದು ಆವಿಷ್ಕಾರವನ್ನು ಈ ಸಾಲಿನಲ್ಲಿ ಸೇರಿಸುವವರು ವಿರಳ. ಬೀಜದ ಹೋರಿಯು ಹಸುವಿನ ಬಳಿಗೆ ಬಾರದೆಯೇ ಹಸುವು ಗಬ್ಬವಾಗುವಂತೆ ಮಾಡುವ ಕೃತಕ ಗರ್ಭಧಾರಣೆಯ ಕ್ರಮವೇ ಅದು. ಹಳ್ಳಿಗಳಲ್ಲಿ ‘ಸೂಜಿ ಕೊಡಿಸುವುದು’ ಎಂದು ಕರೆಯಲ್ಪಡುವ ಈ ಕ್ರಮವು ರೈತರಿಗೆ ಇಂದು ಅಪರಿಚಿತವಾದುದಲ್ಲ. ಆದರೂ ಅದರಿಂದ ಸಿಗಬೇಕಾದ ಫಲವು ಪೂರ್ಣವಾಗಿ ಸಿಗುತ್ತಿಲ್ಲವೆಂಬುದೂ, ಅಜಾಗರೂಕತೆಯಿಂದ ನಡೆಸಿದಲ್ಲಿ ನಾಡಿನ ಹಳೆಯ ತಳಿಗಳಿಗೆ ಹಾನಿಯುಂಟೆಂಬುದೂ ಗ್ರಾಮದ ಮುಖಂಡರು ಗಮನಿಸಬೇಕಾದ ವಿಷಯಗಳು.

ಬೆಂಗಳೂರಿನ ದಕ್ಷಿಣ ಭಾಗ

ಇಂದು ಜಯನಗರ, ಜೆ. ಪಿ. ನಗರ, ಬನಶಂಕರಿ, ಬಿ. ಟಿ. ಎಂ. ಬಡಾವಣೆ ಎಂದು ಕರೆಯಲ್ಪಡುವ ಪ್ರದೇಶವು ಒಂದು ಕಾಲಕ್ಕೆ ಕೆರೆ, ಗದ್ದೆ, ರಾಗಿಯ ಹೊಲ, ಗೋಮಾಳಗಳಿಂದ ಕೂಡಿದ ಗ್ರಾಮಗಳ ಸಮೂಹವಾಗಿತ್ತು. ಬಿ. ಟಿ. ಎಂ. ಎಂಬ ಮೂರಕ್ಷರಗಳು ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹಳ್ಳಿಗಳ ಹೆಸರಿನ ಗುರುತುಗಳೇ ಆಗಿವೆ. ಯಡಿಯೂರು, ಸಾರಕ್ಕಿ ಎಂಬ ಊರುಗಳ ಹೆಸರುಗಳು ಅಲ್ಲಿಯ ಕೆರೆಗಳೊಡನೆ ಉಳಿದುಬಂದಿವೆ. ೧೯೪೮ರಲ್ಲಿ ಜಯನಗರದ ಅಸ್ತಿಭಾರವನ್ನು ಹಾಕಲಾಯಿತು. ಅಲ್ಲಿಂದೀಚೆಗೆ ಗೋಮಾಳಗಳು ಬೀದಿಗಳಾದುವು. ಹಾಲು ಕರೆಯುತ್ತಿದ್ದ ಮನೆಗಳು ಹಾಲನ್ನು ಕೊಳ್ಳುವ ಮನೆಗಳಾದುವು. ಈ ಜನಸಮುದಾಯಕ್ಕೆ ಬೇಕಾದ ಹಾಲು ಆನೇಕಲ್ಲು, ಕನಕಪುರ, ರಾಮನಗರ, ಮಾಗಡಿ ಮುಂತಾದ ತಾಲ್ಲೂಕುಗಳ ಹಳ್ಳಿಗಳಿಂದ ಪ್ರತಿದಿನವೂ ಬರುತ್ತಿದೆ.

ಈ ಹಾಲಿನ ಚರಿತ್ರೆಯ ಒಂದು ಮುಖ್ಯ ಸ್ಥಳವೂ ಇದೇ ದಿಕ್ಕಿನಲ್ಲಿದೆ. ಮಡಿವಾಳಕ್ಕೆ ಸಮೀಪದಲ್ಲಿ, ಹೊಸೂರು ರಸ್ತೆಯ ಆಡುಗೋಡಿಯಲ್ಲಿ, ೧೯೨೩ರಲ್ಲಿ ಭಾರತ ಸರ್ಕಾರದವರು ಪಶುಸಂಗೋಪನೆ ಮತ್ತು ಕ್ಷೀರೋದ್ಯಮಗಳ ಇಂಪೀರಿಯಲ್ ಸಂಸ್ಥೆಯನ್ನು ಸ್ಥಾಪಿಸಿದರು. ೧೯೨೭ರಲ್ಲಿ ಮಹಾತ್ಮಾ ಗಾಂಧಿಯವರು ವಿಶ್ರಾಂತಿಗಾಗಿ ಬೆಂಗಳೂರಿನಲ್ಲಿ ತಂಗಿದ್ದಾಗ, ಪಂಡಿತ ಮದನಮೋಹನ ಮಾಳವೀಯರೊಡನೆ ಈ ಸಂಸ್ಥೆಗೆ ಹೋಗಿ ಗೋಪಾಲನೆಯ ಶಿಕ್ಷಣವನ್ನು ಪಡೆದರೆಂಬುದು ಪ್ರಸಿದ್ಧವಾದ ಸಂಗತಿ. ೧೯೫೫ರಲ್ಲಿ ಸಂಸ್ಥೆಯ ಮುಖ್ಯ ಕೇಂದ್ರವು ಪಂಜಾಬು ಪ್ರಾಂತದಲ್ಲಿ ಆಗ ಸೇರಿದ್ದ ಕರ್ನಾಲಿಗೆ ವರ್ಗವಾಯಿತು. ಆಡುಗೋಡಿಯಲ್ಲಿ ದಕ್ಷಿಣ ಪ್ರಾದೇಶಿಕ ಕೇಂದ್ರವು ಉಳಿಯಿತು. ೧೯೬೫ರಲ್ಲಿ ಬೆಂಗಳೂರು ಡೈರಿಯೂ ನಗರದ ಇದೇ ಭಾಗದಲ್ಲಿ ಪ್ರಾರಂಭವಾಯಿತು. ಆದರೆ ಡೈರಿಯು ಹಾಲನ್ನು ಶೇಖರಿಸಿ ಕಾಯಿಸಿ ಹಂಚಬಲ್ಲುದೇ ಹೊರತು ಹಾಲನ್ನು ಉಂಟುಮಾಡಲಾರದು. ಎರಡು ಮೂರು ಲೀಟರು ಹಾಲನ್ನು ಕೊಡುತ್ತಿದ್ದ ಹಸುಗಳ ಸ್ಥಾನದಲ್ಲಿ ಹತ್ತು ಲೀಟರಿಗೂ ಮೇಲ್ಪಟ್ಟು ಕೊಡುವ ಹಸುಗಳು ಹಳ್ಳಿಯ ಕೊಟ್ಟಿಗೆಗೆ ಹೇಗೆ ಬಂದುವೆಂಬುದನ್ನು ತಿಳಿಯಬೇಕಾದರೆ ಸ್ವಲ್ಪ ಹಿಂದಿನ ಚರಿತ್ರೆಯನ್ನು ನೋಡಬೇಕು.

ಆವಿಷ್ಕಾರದ ಪೂರ್ವ ಚರಿತ್ರೆ

ಹಾಲೆಂಡ್ ದೇಶದಲ್ಲಿ ಬಟ್ಟೆಯ ವ್ಯಾಪಾರಿಯಾಗಿದ್ದ ಲೇವನ್‌ಹುಕ್ ಎಂಬಾತನು ತಾನೇ ಉಜ್ಜಿ ತಯಾರಿಸಿದ ಮಸೂರಗಳ ಮೂಲಕ ೧೬೭೭ರಲ್ಲಿ ವೀರ್ಯಾಣುಗಳನ್ನು ಕಂಡನು. ಗರ್ಭವು ನಿಲ್ಲುವುದಕ್ಕೆ ಕಣ್ಣಿಗೆ ಕಾಣದ ಇಂತಹ ಜೀವಾಣುಗಳ ಸಂಬಂಧವುಂಟೆಂಬ ಯೋಚನೆಗೆ ಇದು ದಾರಿಯಾಯಿತು. ಸುಮಾರು ನೂರು ವರ್ಷಗಳ ತರುವಾಯ, ೧೭೮೦ರಲ್ಲಿ, ಇಟಲಿಯ ಪಾದ್ರಿಯೂ ವಿಜ್ಞಾನಿಯೂ ಆದ ಸ್ಪಲ್ಲಾಂಜಾನಿಯು ಗಂಡು ನಾಯಿಯ ವೀರ್ಯವನ್ನು ಸಂಗ್ರಹಿಸಿ ಹೆಣ್ಣು ನಾಯಿಯ ಗರ್ಭಕೋಶಕ್ಕೆ ಸೇರಿಸಿದನು. ಆ ನಾಯಿಯು ೬೨ ದಿನಗಳಾದ ಮೇಲೆ ಮೂರು ಮರಿಗಳನ್ನು ಹಾಕಿತು.

ಈ ಪ್ರಯೋಗವು ವಿದ್ವಾಂಸರಿಗೆ ಆಶ್ಚರ್ಯವನ್ನುಂಟುಮಾಡಿತಾದರೂ ಬಹುಕಾಲ ರೈತನಿಗೆ ಉಪಯೋಗಕ್ಕೆ ಬರಲಿಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ರಷ್ಯಾ ದೇಶದ ಇವಾನೊವ್ ಎಂಬುವರು ಕುದುರೆಗಳಲ್ಲಿಯೂ, ಅನಂತರ ದನ ಕುರಿಗಳಲ್ಲಿಯೂ ಈ ಕ್ರಮವನ್ನು ವ್ಯಾಪಕವಾಗಿ ನಡೆಸಿ ತೋರಿಸಿದರು. ೧೯೩೬ರಲ್ಲಿ ಡೆನ್ಮಾರ್ಕಿನ ಸ್ಯಾಮ್ಸೋ ಎಂಬ ದ್ವೀಪದ ರೈತರು ಸಹಕಾರ ಸಂಘವನ್ನು ಕಟ್ಟಿಕೊಂಡು, ಸಂಘದ ಹೋರಿಗಳ ವೀರ್ಯವನ್ನು ಸದಸ್ಯರ ಹಸುಗಳಿಗೆಲ್ಲ ಒದಗಿಸುವ ಏರ್ಪಾಡನ್ನು ಮಾಡಿಕೊಂಡರು. ಒಬ್ಬೊಬ್ಬ ಸಣ್ಣ ರೈತನು ಉತ್ತಮವಾದ ಹೋರಿಯನ್ನು ಕೊಳ್ಳಲಾರನು. ಊರಿನವರೆಲ್ಲ ಒಟ್ಟುಗೂಡಿದಲ್ಲಿ ಆ ಹೋರಿಯ ಗುಣವು ಎಲ್ಲರ ಕೊಟ್ಟಿಗೆಗೂ ಬರುವುದು. ಈ ಆವಿಷ್ಕಾರವು ಪ್ರಯೋಗಶಾಲೆಯಿಂದ ಹಳ್ಳಿಗೆ ಬಂದುದು ಸಹಕಾರದ ಮೂಲಕ ಎಂಬ ಅಂಶವು ಮುಖ್ಯವಾದುದು.

ಮೈಸೂರಿನ ಪ್ರಯೋಗ

ಭಾರತದಲ್ಲಿ ಈ ಕ್ರಮವನ್ನು ಮೊಟ್ಟಮೊದಲು ನಡೆಸಿದ ಕೀರ್ತಿಯು ಮೈಸೂರಿಗೆ ಸಲ್ಲತಕ್ಕದ್ದು. ೧೯೩೯ರಲ್ಲಿ ಸಂಪತ್ ಕುಮಾರನ್ ಎಂಬುವರು ಮೈಸೂರು ಅರಮನೆಯ ಡೈರಿ ಫಾರಮ್ಮಿನಲ್ಲಿ ಹಳ್ಳಿಕಾರ್ ತಳಿಯ ಹಸುಗಳಿಗೆ ಹೋಲ್‌ಸ್ಟೀನ್ ಫ್ರೀಸಿಯನ್ ಹೋರಿಯ ವೀರ್ಯವನ್ನು ಕೊಟ್ಟು ಗರ್ಭ ನಿಲ್ಲಿಸಿದರು. ೧೯೪೨ರಲ್ಲಿ ಇಜ್ಜತ್‌ನಗರದ ಪಶುವೈದ್ಯ ಸಂಶೋಧನಾ ಸಂಸ್ಥೆಯಲ್ಲಿ ಡಾ॥ ಪಿ. ಭಟ್ಟಾಚಾರ್ಯರ ಮೇಲ್ವಿಚಾರಣೆಯಲ್ಲಿ ಪ್ರಯೋಗಗಳು ಮೊದಲಾದುವು. ಅನಂತರ ಸ್ಥಾಪಿತವಾದ ಪ್ರಾದೇಶಿಕ ಕೇಂದ್ರಗಳಲ್ಲಿ ಬೆಂಗಳೂರೂ ಒಂದಾಗಿತ್ತು.

ಆದರೆ ಆ ಕಾಲದಲ್ಲಿ ಒಂದು ದೊಡ್ಡ ಅಡಚಣೆಯಿತ್ತು. ಸಂಗ್ರಹಿಸಿದ ವೀರ್ಯವು ಬೇಗನೆ ಕೆಡುತ್ತಿತ್ತು. ೧೯೪೦ರ ಸುಮಾರಿಗೆ ಅಮೆರಿಕದ ಫಿಲಿಪ್ಸ್ ಮತ್ತು ಲಾರ್ಡಿ ಎಂಬ ವಿಜ್ಞಾನಿಗಳು ಕೋಳಿಮೊಟ್ಟೆಯ ಹಳದಿಯ ಭಾಗವನ್ನು ಬೆರೆಸಿ ತಂಪಾಗಿಟ್ಟಲ್ಲಿ ವೀರ್ಯವು ಕೆಲವು ದಿನಗಳವರೆಗೆ ಬಾಳುವುದೆಂದು ಕಂಡುಕೊಂಡರು. ಆದರೂ ಹೋರಿಯಿರುವ ಕೇಂದ್ರದಿಂದ ದೂರದ ಹಳ್ಳಿಗಳಿಗೆ ಇದರಿಂದ ಹೆಚ್ಚು ಪ್ರಯೋಜನವಾಗಲಿಲ್ಲ. ರಸ್ತೆಯಿಲ್ಲದ ಊರಿನ ಹಸುವು ಬೆದೆಗೆ ಬಂದ ದಿನವೇ ವೀರ್ಯವನ್ನು ಅಲ್ಲಿಗೆ ತಲುಪಿಸುವುದು ಕಷ್ಟಸಾಧ್ಯವಾಗಿತ್ತು.

ಶೀತದ ಉಪಾಯ

ಈ ಅಡಚಣೆಯನ್ನು ನಿವಾರಿಸಿದ ಸಂಗತಿಯು ಅಚಾತುರ್ಯದಿಂದ ದೊರೆತುದು. ಇಂಗ್ಲೆಂಡಿನಲ್ಲಿ ಪೋಲ್ಜ್, ಸ್ಮಿತ್, ಪಾರ್ಕ್ಸ್ ಎಂಬ ಮೂವರು ವಿಜ್ಞಾನಿಗಳು ಹುಂಜದ ವೀರ್ಯವನ್ನು ಹೆಪ್ಪುಗಟ್ಟಿಸಿ ಉಳಿಸುವುದಕ್ಕೆ ಒಂದು ಬಗೆಯ ಸಕ್ಕರೆಯ ದ್ರಾವಣವನ್ನು ಪರೀಕ್ಷಿಸುತ್ತಿದ್ದರು. ಹಲವು ಸಲ ವಿಫಲವಾದ ಪ್ರಯೋಗವು ಒಂದು ಸೀಸೆಯ ದ್ರಾವಣದಿಂದ ಮಾತ್ರ ಸಫಲವಾಯಿತು. ಪರೀಕ್ಷಿಸಿ ನೋಡಲಾಗಿ, ಚೀಟಿಯು ಬದಲಾದುದರಿಂದ ಆ ಸೀಸೆಯಲ್ಲಿ ಸಕ್ಕರೆಯ ಬದಲು ಗ್ಲಿಸರಿನ್ ಇದ್ದಿತೆಂದು ತಿಳಿದುಬಂದಿತು. ನೀರು ಹೆಪ್ಪುಗಟ್ಟುವಾಗ ಉಂಟಾಗುವ ಹರಳುಗಳು ಜೀವಾಣುವನ್ನು ನಾಶಮಾಡದಂತೆ ಗ್ಲಿಸರಿನ್ನು ಕಾಪಾಡುತ್ತಿತ್ತು. ಈ ಫಲಿತಾಂಶವು ೧೯೪೯ರಲ್ಲಿ ಪ್ರಕಟವಾಯಿತು. ೧೯೫೨ರಲ್ಲಿ ಹೋರಿಯ ಹೆಪ್ಪುಗಟ್ಟಿಸಿದ ವೀರ್ಯದಿಂದಲೂ ಹಸುಗಳು ಗಬ್ಬವಾಗುವುವೆಂದು ಸಿದ್ಧವಾಯಿತು. ತರುವಾಯ ದ್ರವರೂಪದ ಸಾರಜನಕದಲ್ಲಿ, ಸೊನ್ನೆಗಿಂತ ೧೯೬ ಡಿಗ್ರಿ ಸೆಂಟಿಗ್ರೇಡು ಕೆಳಗಿನ ಶೀತದಲ್ಲಿ, ವೀರ್ಯವನ್ನು ವರ್ಷಗಟ್ಟಲೆ ಇಡುವ ಕ್ರಮವು ರೂಢಿಗೆ ಬಂದಿತು. ಹೀಗೆ ಸತ್ತುಹೋದ ಹೋರಿಗೂ ಕರುಗಳು ಹುಟ್ಟುವುದು ಸಾಧ್ಯವಾಯಿತು.

ಬೆಂಗಳೂರಿಗೆ ಸಮೀಪದ ಹೆಸರಘಟ್ಟದಲ್ಲಿ ೧೯೬೦ರ ದಶಕದ ಕೊನೆಯಲ್ಲಿ ಡೆನ್ಮಾರ್ಕ್ ದೇಶದ ನೆರವಿನಿಂದ ಘನೀಕೃತ ವೀರ್ಯದ ಕೇಂದ್ರವು ಸ್ಥಾಪಿತವಾಯಿತು. ೧೯೭೪ರಲ್ಲಿ ರಾಜ್ಯದ ಡೈರಿ ಅಭಿವೃದ್ಧಿಯ ನಿಗಮವು ಪ್ರಾರಂಭವಾಗಿ, ಅದರ ಕಾರ್ಯವು ೧೯೮೪ರಲ್ಲಿ ಕರ್ನಾಟಕ ಹಾಲು ಮಹಾಮಂಡಳಕ್ಕೆ ಬಂದಿತು. ಹಳ್ಳಿಹಳ್ಳಿಗಳಲ್ಲಿ ಹಾಲು ಉತ್ಪಾದಕರ ಸಂಘಗಳು ಹುಟ್ಟಿದಂತೆಲ್ಲ ವೀರ್ಯದ ನಳಿಕೆಗಳೂ ಹಳ್ಳಿಗೆ ಬಂದುವು.

ಇದರ ಶಕ್ತಿಯನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಹೋರಿಯು ಒಂದು ಸಲಕ್ಕೆ ಸುಮಾರು ೫ ಮಿಲಿಲೀಟರು ವೀರ್ಯವನ್ನು ಕೊಡುವುದೆಂದೂ, ಒಂದೊಂದು ಮಿಲಿಲೀಟರಿನಲ್ಲಿ ೧೦೦ ಕೋಟಿ ಜೀವಾಣುಗಳಿವೆಯೆಂದೂ ಇಟ್ಟುಕೊಂಡಲ್ಲಿ, ಒಟ್ಟು ೫೦೦ ಕೋಟಿಯಾಗುವುದು. ಒಂದು ನಳಿಕೆಗೆ ೨ ಕೋಟಿ ಸಾಕು. ಆದುದರಿಂದ ಒಂದು ಸಲದ ವೀರ್ಯದಿಂದ ೨೫೦ ನಳಿಕೆಗಳು ಸಿದ್ಧವಾಗಬಹುದು. ಊರಿನಲ್ಲಿ ಬಿಟ್ಟ ಹೋರಿಯೊಂದು ವರ್ಷಪೂರ್ತಿ ನೂರು ಹಸುಗಳಿಗೆ ಸಾಕಾದರೆ ಹೆಚ್ಚು.

ಒಳ್ಳೆಯ ಹೋರಿಯ ಗುಣವು ಹೇಗೆ ಸಾವಿರಾರು ಕೊಟ್ಟಿಗೆಗಳಿಗೆ ಹರಡುವುದೋ, ಕೆಟ್ಟ ಹೋರಿಯ ದೋಷವೂ ಹಾಗೆಯೇ ಹರಡುವುದು ಎಂಬುದನ್ನು ಇದೇ ಲೆಕ್ಕದಿಂದ ತಿಳಿಯತಕ್ಕದ್ದು. ಆದುದರಿಂದಲೇ ಕೇಂದ್ರಗಳಲ್ಲಿ ಹೋರಿಗಳನ್ನು ಕ್ಷಯ, ಕಂದುರೋಗ ಮುಂತಾದ ವ್ಯಾಧಿಗಳಿಗಾಗಿ ಪರೀಕ್ಷಿಸುತ್ತಾರೆ. ತಾಯಿಯ ಹಾಲಿನ ಲೆಕ್ಕವನ್ನೂ, ಸಾಧ್ಯವಾದಲ್ಲಿ ಹೆಣ್ಣುಕರುಗಳ ಹಾಲಿನ ಲೆಕ್ಕವನ್ನೂ ನೋಡುತ್ತಾರೆ. ಎಲ್ಲಿಂದ ಬಂದುದೆಂದು ತಿಳಿಯದ ನಳಿಕೆಯನ್ನು ಅಗ್ಗವೆಂದು ಉಪಯೋಗಿಸುವುದು ತಪ್ಪು.

ಗರ್ಭವು ನಿಲ್ಲದಿರುವುದೇಕೆ?

“ಎಷ್ಟು ಸಲ ಸೂಜಿ ಕೊಡಿಸಿದರೂ ಹಸು ಕಟ್ಟುವುದಿಲ್ಲ” ಎಂಬ ದೂರು ಎಲ್ಲ ಗ್ರಾಮಗಳಲ್ಲಿಯೂ ಕೇಳಿಬರುತ್ತದೆ. ಈ ದೂರು ನಿರಾಧಾರವಾದುದಲ್ಲ. ಹಳ್ಳಿಗಳಲ್ಲಿ ಹತ್ತು ಸಲ ಕೊಡಿಸಿದಲ್ಲಿ ಮೂರು ನಾಲ್ಕು ಸಲ ಮಾತ್ರವೇ ಗರ್ಭವು ನಿಲ್ಲುವುದು ಸಾಧಾರಣ. ಇದಕ್ಕೆ ಕಾರಣಗಳು ಹಲವು. ಅವುಗಳಲ್ಲಿ ಮುಖ್ಯವಾದುದು ವೇಳೆಯನ್ನು ತಪ್ಪಿಸುವುದು.

ಹೋರಿಯು ಮಂದೆಯಲ್ಲಿದ್ದಾಗ ಬೆದೆಯನ್ನು ಕಂಡುಹಿಡಿಯುವ ಕೆಲಸವು ಹೋರಿಯದಾಗಿತ್ತು. ಹೋರಿಯು ಹೋದ ಮೇಲೆ ಆ ಕೆಲಸವು ಮನೆಯವರ ಪಾಲಿಗೆ ಬಂದಿದೆ. ಹಸುವು ಸುಮಾರು ೨೧ ದಿನಗಳಿಗೊಮ್ಮೆ ಬೆದೆಗೆ ಬರುವುದು. ಬೆದೆಯು ೧೨ರಿಂದ ೧೮ ಗಂಟೆಗಳವರೆಗೆ ಇರುವುದು. ಅದು ಮುಗಿದು ಸುಮಾರು ೧೦ರಿಂದ ೧೪ ಗಂಟೆಗಳಾದ ಮೇಲೆ ಅಂಡವು ಹೊರಬೀಳುವುದು. ಹೊರಬಿದ್ದ ಅಂಡವು ಕೆಲವೇ ಗಂಟೆಗಳ ಕಾಲ ಫಲಿಸಬಲ್ಲುದು. ಹಸುವು ಮೇಲಿಂದ ಮೇಲೆ ಕೂಗುವುದು, ಮೇವನ್ನು ಬಿಡುವುದು, ಹಾಲು ಇಳಿಯುವುದು, ಯೋನಿಯಿಂದ ಗಾಜಿನಂತೆ ತಿಳಿಯಾದ ಲೋಳೆಯು ನೂಲಿನಂತೆ ಇಳಿಯುವುದು ಬೆದೆಯ ಚಿಹ್ನೆಗಳು. ಬೇರೊಂದು ದನವು ಮೇಲೆ ಹತ್ತಿದಾಗ ಅಲುಗದೆ ನಿಲ್ಲುವುದು ನಿಶ್ಚಯವಾದ ಚಿಹ್ನೆ. ಎಮ್ಮೆಗಳಲ್ಲಿಯೂ, ಬೇಸಗೆಯಲ್ಲಿ ಹಸುಗಳಲ್ಲಿಯೂ ಈ ಚಿಹ್ನೆಗಳು ಮಂದವಾಗಿರುವುದರಿಂದ ಹೊತ್ತಾರೆ ಮತ್ತು ರಾತ್ರಿ ಮಲಗುವ ಮುನ್ನ ಕೊಟ್ಟಿಗೆಯನ್ನು ನೋಡುವ ಅಭ್ಯಾಸವು ಅವಶ್ಯಕ.

೧೯೪೦ರ ದಶಕದಲ್ಲಿ ಅಮೆರಿಕದ ನೆಬ್ರಾಸ್ಕದಲ್ಲಿ ಟ್ರಿಂಬರ್ಗರ್ ಎಂಬುವರು ನೂರಾರು ಹಸುಗಳನ್ನು ಗಮನಿಸಿ ಒಂದು ಸುಲಭವಾದ ನಿಯಮವನ್ನು ಸಿದ್ಧಪಡಿಸಿದರು. ಬೆಳಿಗ್ಗೆ ಬೆದೆಯು ಕಂಡುಬಂದಲ್ಲಿ ಅದೇ ದಿನ ಸಂಜೆಗೂ, ಸಂಜೆ ಕಂಡುಬಂದಲ್ಲಿ ಮರುದಿನ ಬೆಳಿಗ್ಗೆಯೂ ಗರ್ಭಧಾರಣೆ ಮಾಡಿಸತಕ್ಕದ್ದು. ಈ ನಿಯಮವು ಅಕ್ಷರ ಬಾರದವರಿಗೂ ನೆನಪಿನಲ್ಲಿ ಉಳಿಯುವಂತಹುದು. ಇದಕ್ಕೆ ಖರ್ಚೂ ಇಲ್ಲ. ಒಂದು ಬೆದೆಯು ತಪ್ಪಿದಲ್ಲಿ ೨೧ ದಿನಗಳು ವ್ಯರ್ಥವಾಗುವುವು. ದಿನಕ್ಕೆ ೮ ಲೀಟರು ಕರೆಯುವ ಹಸುವಾದರೆ ಮುಂದಿನ ಸೂಲಿನಲ್ಲಿ ೧೬೮ ಲೀಟರು ಹಾಲಿನಷ್ಟು ಕಾಲವು ಹಿಂದೆ ಬೀಳುವುದು. ಆ ದಿನಗಳ ಮೇವೂ ಹಿಂಡಿಯೂ ನಷ್ಟಕ್ಕೆ ಸೇರುವುವು. ಮೂರು ನಾಲ್ಕು ಬೆದೆಗಳು ಹೀಗೆ ಹೋದಲ್ಲಿ ಬಡ ಸಂಸಾರವು ಒಳ್ಳೆಯ ಹಸುವನ್ನು ಗೊಡ್ಡೆಂದು ತಿಳಿದು ಮಾರಿಬಿಡುವುದು.

ಎರಡನೆಯದಾಗಿ, ವೀರ್ಯದ ನಳಿಕೆಯನ್ನು ಕಾಪಾಡುವ ಕ್ರಮ. ಸಾರಜನಕದ ಪಾತ್ರೆಯಿಂದ ಹೊರತೆಗೆದ ನಳಿಕೆಯನ್ನು ೩೭ ಡಿಗ್ರಿ ಉಷ್ಣದ, ಅಂದರೆ ಉಗುರುಬೆಚ್ಚಗಿನ, ನೀರಿನಲ್ಲಿ ಸುಮಾರು ಅರ್ಧ ನಿಮಿಷ ಇಟ್ಟು ಕೂಡಲೇ ಉಪಯೋಗಿಸಬೇಕು. ನಳಿಕೆಯನ್ನು ಜೇಬಿನಲ್ಲಿಯೋ ಕೈಯಲ್ಲಿಯೋ ಕರಗಿಸಿದಲ್ಲಿ ಜೀವಾಣುಗಳು ಕುಗ್ಗುವುವು. ಒಮ್ಮೆ ಕರಗಿದುದನ್ನು ಮತ್ತೆ ಪಾತ್ರೆಗೆ ಹಾಕಲಾಗದು. ಹಸುವಿನ ಯಜಮಾನನು ಪಕ್ಕದಲ್ಲಿ ನಿಂತು ಬಿಸಿನೀರನ್ನು ತಾನೇ ಒದಗಿಸಿಕೊಡುವುದು ಮೇಲು.

ಮೂರನೆಯದಾಗಿ, ಆಹಾರ. ಹೆಚ್ಚು ಹಾಲಿನ ತಳಿಯನ್ನು ತಂದು ಒಣಹುಲ್ಲಿನ ಮೇಲೆಯೇ ಕಟ್ಟಿಹಾಕಿದಲ್ಲಿ ಅದು ಬೆದೆಗೂ ಬಾರದು, ಹಾಲನ್ನೂ ಕೊಡದು. ದೇಹದ ಪೋಷಣೆಗೆ ಬೇಕಾದ ಆಹಾರವಲ್ಲದೆ, ಪ್ರತಿ ಎರಡೂವರೆ ಲೀಟರು ಹಾಲಿಗೆ ಸುಮಾರು ಒಂದು ಕಿಲೋ ಹಿಂಡಿ ಬೂಸದ ಮಿಶ್ರಣವೂ, ಖನಿಜ ಲವಣವೂ, ಹಸುರು ಮೇವೂ ಬೇಕು. ಮಿಶ್ರತಳಿಯ ದನಗಳಿಗೆ ಉಣ್ಣೆಯಿಂದ ಹರಡುವ ಜ್ವರಗಳೂ ಕೆಚ್ಚಲುಬಾವೂ ನಾಟಿ ದನಗಳಿಗಿಂತ ಹೆಚ್ಚಾಗಿ ತಗಲುವುವೆಂಬುದನ್ನು ಮರೆಯಬಾರದು.

ನಾಟಿ ತಳಿಗಳ ರಕ್ಷಣೆ

ಇನ್ನು ಎಲ್ಲಕ್ಕಿಂತಲೂ ಮುಖ್ಯವಾದ ವಿಷಯವೊಂದಿದೆ. ೧೯೩೯ರಲ್ಲಿ ಮೈಸೂರಿನ ಪ್ರಯೋಗಕ್ಕೆ ತಾಯಿಯಾದುದು ಹಳ್ಳಿಕಾರ್ ಹಸು. ಬಿಸಿಲು, ಬರ, ತೆಳುವಾದ ಮೇವು ಇವುಗಳನ್ನು ಸಹಿಸುವ ಶಕ್ತಿಯನ್ನು ಮಿಶ್ರತಳಿಗೆ ಕೊಟ್ಟುದು ಈ ನಾಟಿ ರಕ್ತವೇ. ಮೈಸೂರಿನ ಅರಸರ ಕಾಲದ ‘ಬೆಣ್ಣೆ ಚಾವಡಿ’ಯಿಂದ ಬೆಳೆದುಬಂದು ಟಿಪ್ಪುವಿನ ಕಾಲದಲ್ಲಿ ಹೆಸರು ಪಡೆದ ಅಮೃತಮಹಲ್ ತಳಿಯೂ ಹಳ್ಳಿಕಾರಿನ ಸಂಬಂಧವುಳ್ಳದ್ದೇ. ಫಿರಂಗಿಗಳನ್ನೆಳೆದ ಈ ದನಗಳು ಇಂದು ಕೆಲವು ಕಾವಲುಗಳಲ್ಲಿಯೂ ಅಜ್ಜಂಪುರದ ಕೇಂದ್ರದಲ್ಲಿಯೂ ಉಳಿದಿವೆ. ಟ್ರ್ಯಾಕ್ಟರು ಬಂದ ಮೇಲೆ ಉಳುವ ಎತ್ತುಗಳಿಗೆ ಗಿರಾಕಿಯು ಕಡಮೆಯಾಗಿದೆ. ಘಾಟಿ ಸುಬ್ರಹ್ಮಣ್ಯದಂತಹ ದನದ ಜಾತ್ರೆಗಳಲ್ಲಿ ಒಳ್ಳೆಯ ಹಳ್ಳಿಕಾರ್ ಜೋಡಿಗೆ ಈಗಲೂ ಮೆಚ್ಚುಗೆಯುಂಟು.

ಹಿಂದೆ ಗ್ರಾಮಗಳಲ್ಲಿ ಲಕ್ಷಣವಾದ ಗಂಡುಕರುವನ್ನು ಆರಿಸಿ ದೇವರ ಹೆಸರಿನಲ್ಲಿ ಬಸವನನ್ನಾಗಿ ಬಿಡುತ್ತಿದ್ದರು. ಈ ಪದ್ಧತಿಯಲ್ಲಿ ಭಕ್ತಿಯೊಡನೆ ತಳಿಯ ಉದ್ಧಾರವೂ ಅಡಗಿತ್ತು. ಕ್ರಮೇಣ ಆರಿಸುವ ಎಚ್ಚರವು ತಪ್ಪಿ, ಕೆಲಸಕ್ಕೆ ಬಾರದ ಕರುಗಳೂ ಬಸವಗಳಾದುವು. ಬೆಂಗಳೂರಿನ ಬಸವನಗುಡಿಯಲ್ಲಿ ಕಾರ್ತಿಕ ಮಾಸದ ಕಡೆಯ ಸೋಮವಾರ ಕಡಲೆಕಾಯಿಯ ಪರಿಷೆಗೆ ಜನಸಾಗರವೇ ಸೇರುವುದು. ಆದರೆ ಆ ಜನರು ಬರುವ ಅನೇಕ ಹಳ್ಳಿಗಳಲ್ಲಿ ಶುದ್ಧವಾದ ನಾಟಿ ಹೋರಿಯೊಂದೂ ಇಲ್ಲ. ಎಲ್ಲ ಹಸುಗಳಿಗೂ ಪೀಳಿಗೆಯಿಂದ ಪೀಳಿಗೆಗೆ ಸೀಮೆ ಹೋರಿಯ ವೀರ್ಯವನ್ನೇ ಕೊಡಿಸುತ್ತ ಹೋದಲ್ಲಿ, ಮಿಶ್ರ ಮಾಡುವುದಕ್ಕೆ ಬೇಕಾದ ನಾಟಿ ಹಸುವೇ ಮುಂದೆ ದೊರೆಯದು.

ಇದಕ್ಕೆ ಪರಿಹಾರವೂ ಇದೇ ಆವಿಷ್ಕಾರದಲ್ಲಿದೆ. ಹಳ್ಳಿಕಾರ್ ಮುಂತಾದ ದೇಶೀಯ ಹೋರಿಗಳ ವೀರ್ಯವನ್ನೂ ಇದೇ ಕ್ರಮದಲ್ಲಿ ಹೆಪ್ಪುಗಟ್ಟಿಸಿ ಇಡಲಾಗುತ್ತಿದೆ. ರೈತರು ಕೇಳಿ ಪಡೆಯಬೇಕು. ನೀರಾವರಿಯೂ ಹಸುರು ಮೇವೂ ಇರುವ ಮನೆಗಳಲ್ಲಿ ಮಿಶ್ರತಳಿಯು ಯೋಗ್ಯ; ಅಲ್ಲಿಯೂ ಸೀಮೆಯ ರಕ್ತವು ಶೇಕಡಾ ೫೦ರಿಂದ ೬೨.೫ರೊಳಗೆ ನಿಲ್ಲುವಂತೆ ನೋಡಿಕೊಳ್ಳುವುದು ಕ್ಷೇಮ. ಮಳೆಯನ್ನೇ ನಂಬಿದ ಕಾಡಂಚಿನ ಊರುಗಳಲ್ಲಿ ಶುದ್ಧವಾದ ನಾಟಿ ಹಸುಗಳಿಗೆ ನಾಟಿ ಹೋರಿಯ ವೀರ್ಯವನ್ನೇ ಕೊಡಿಸುವುದು ಉಚಿತ. ಹೆಣ್ಣುಕರುಗಳೇ ಹೆಚ್ಚಾಗಿ ಹುಟ್ಟುವಂತೆ ಲಿಂಗವನ್ನು ಬೇರ್ಪಡಿಸಿದ ವೀರ್ಯವೂ ಈಗ ದೊರೆಯುತ್ತಿದೆ. ಸುಮಾರು ಶೇಕಡಾ ೯೦ರಷ್ಟು ಹೆಣ್ಣುಕರುಗಳನ್ನು ನಿರೀಕ್ಷಿಸಬಹುದಾದರೂ, ಬೆಲೆಯು ಹೆಚ್ಚಾದುದರಿಂದಲೂ ಗರ್ಭ ನಿಲ್ಲುವ ಪ್ರಮಾಣವು ಸ್ವಲ್ಪ ಕಡಮೆಯಾದುದರಿಂದಲೂ ಆರೋಗ್ಯವಾದ ಕಡಸುಗಳಿಗೆ ಅದನ್ನು ಮೊದಲು ಉಪಯೋಗಿಸುವುದು ಜಾಣತನ.

ಗ್ರಾಮದ ಮುಖಂಡರೂ ಹಿಡುವಳಿದಾರರೂ ಮಾಡತಕ್ಕ ಕೆಲಸ

೧. ಹಾಲಿನ ಸಂಘದಲ್ಲಿಯಾಗಲಿ ಪಂಚಾಯಿತಿಯ ಕಟ್ಟಡದಲ್ಲಿಯಾಗಲಿ ಒಂದು ಪುಸ್ತಕವನ್ನಿಟ್ಟು, ಹಸುವಿನ ಗುರುತು, ಬೆದೆ ಕಂಡ ವೇಳೆ, ಗರ್ಭಧಾರಣೆಯ ದಿನ, ನಳಿಕೆಯ ಮೇಲೆ ಅಚ್ಚಾಗಿರುವ ಹೋರಿಯ ಸಂಖ್ಯೆ ಇವುಗಳನ್ನು ಬರೆಯಿಸುವುದು. ಖಾಲಿ ನಳಿಕೆಯನ್ನು ಹಸುವಿನ ಯಜಮಾನನು ಕೇಳಿ ಇಟ್ಟುಕೊಳ್ಳುವುದು.

೨. ತಂದೆಯಾದ ಹೋರಿಯ ವೀರ್ಯವನ್ನು ಅದರ ಮಗಳಿಗೇ ಕೊಡದಂತೆ ಈ ಪುಸ್ತಕವನ್ನು ನೋಡಿ ನಿರ್ಧರಿಸುವುದು. ಸಮೀಪದ ರಕ್ತಸಂಬಂಧದಿಂದ ಕರುಗಳು ಬಲಹೀನವಾಗುವುವು.

೩. ಕರು ಹಾಕಿದ ೬೦ರಿಂದ ೯೦ ದಿನಗಳೊಳಗೆ ಹಸುವನ್ನು ಮತ್ತೆ ಕಟ್ಟಿಸುವುದು. ಕಟ್ಟಿಸಿದ ಮೇಲೆ ಎರಡು ಮೂರು ತಿಂಗಳಿಗೆ ಗರ್ಭಪರೀಕ್ಷೆಯನ್ನು ಮಾಡಿಸುವುದು. ಮೂರು ಸಲ ನಿಲ್ಲದಿದ್ದಲ್ಲಿ ನಾಲ್ಕನೆಯ ನಳಿಕೆಗೆ ಮೊದಲು ಪಶುವೈದ್ಯರಿಗೆ ತೋರಿಸುವುದು.

೪. ಊರಿನಲ್ಲಿ ತಿರುಗುವ ಅಯೋಗ್ಯವಾದ ಹೋರಿಗಳಿಗೆ ಬೀಜ ಒಡೆಸುವುದು. ಶುದ್ಧವಾದ ನಾಟಿ ಹೋರಿಗಳನ್ನು ಗುರುತಿಸಿ ಉಳಿಸುವುದು.

೫. ಗೋಮಾಳದಲ್ಲಿ ಉಳಿದಿರುವ ಭಾಗವನ್ನು ಒತ್ತುವರಿಯಿಂದ ಕಾಪಾಡಿ, ಅದರಲ್ಲಿ ಮೇವಿನ ಹುಲ್ಲನ್ನೂ ಮರಗಳನ್ನೂ ಬೆಳೆಸುವುದು.

ಈ ಐದರಲ್ಲಿ ಯಾವುದೂ ದೊಡ್ಡ ಖರ್ಚಿನ ಕೆಲಸವಲ್ಲ. ಮೊದಲಿನ ಮೂರು ಕೆಲಸಗಳನ್ನು ಹಿಡುವಳಿದಾರರು ತಮ್ಮ ಕೊಟ್ಟಿಗೆಗಳಿಂದಲೇ ಪ್ರಾರಂಭಿಸಿದಲ್ಲಿ, ಒಂದೆರಡು ಹಸುಗಳನ್ನು ನಂಬಿ ಬದುಕುವ ಅಕ್ಕಪಕ್ಕದ ಸಂಸಾರಗಳು ನೋಡಿ ಅನುಸರಿಸುವುವು. ಬೈರಸಂದ್ರ, ಸಾರಕ್ಕಿಗಳ ಗೋಮಾಳಗಳು ಮರಳಿ ಬರಲಾರವು. ನಗರವು ಬೆಳೆದಂತೆ ಅದರ ಅಂಚಿನ ಇನ್ನೂ ಕೆಲವು ಊರುಗಳು ಹಾಗೆಯೇ ಆಗಬಹುದು. ಉಳಿದಿರುವ ಹಳ್ಳಿಗಳಲ್ಲಿ ಕಡಮೆ ಭೂಮಿಯಿಂದ ಹೆಚ್ಚು ಹಾಲನ್ನು ಪಡೆಯುವ ಸಾಧನವು ರೈತರ ಕೈಯಲ್ಲಿದೆ. ಹೆಚ್ಚಿನ ವಿವರಗಳನ್ನು ಸಮೀಪದ ಪಶುವೈದ್ಯ ಆಸ್ಪತ್ರೆಯಲ್ಲಿ ವಿಚಾರಿಸಿ ತಿಳಿಯಬಹುದು.